ಕಲ್ಲು ಶೇಡಿಯಾಗುವ ಬಗೆ

ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯವರಿಗೆ ಶೇಡಿಯೆಂದರೇನೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಬಯಲುಸೀಮೆಯ ಶ್ರೋತೃಗಳಿಗಾಗಿ ಮಾತ್ರ ಒಂದು ಮಾತು. ಬೆಳ್ಳಗೆ, ಹಿಟ್ಟಿನಂತೆ ನುಣುಪಾಗಿ, ನೀರಿನಲ್ಲಿ ಕದಡಿದರೆ ಹಾಲಿನಂತೆ ಕಾಣುವ ಒಂದು ಬಗೆಯ ಜೇಡಿಮಣ್ಣನ್ನು ಅಲ್ಲಿಯ ಜನ ಶೇಡಿಯೆನ್ನುತ್ತಾರೆ. ಹಬ್ಬ ಬಂತೆಂದರೆ ಮಣ್ಣಿನ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಶೇಡಿಯಿಂದ ಎಳೆ ಬರೆಯುವುದು ಅಲ್ಲಿಯ ಹಳೆಯ ವಾಡಿಕೆ. ದೀವರ ಮನೆಗಳ ಹಸೆ ಚಿತ್ತಾರವನ್ನು ಕಂಡವರು ಆ ಕೆಂಪು ಬಿಳುಪುಗಳ ಜೋಡಿಯನ್ನು ಮರೆಯುವಂತಿಲ್ಲ. ಪುಂಡಿಯ ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿಯೋ ಬಿಳಿಯ ಜೇಡಿಯಲ್ಲಿಯೋ ಅದ್ದಿ ಹೆಂಗಸರು ಎಳೆಯುವ ಗೆರೆಗಳು ದಾರ ಹಿಡಿದು ಎಳೆದಷ್ಟು ನೆಟ್ಟಗಿರುತ್ತವೆ. ಆ ಕೆಂಪೂ ಬಿಳುಪೂ ಒಂದೇ ಕಲ್ಲಿನಿಂದ ಹುಟ್ಟಿದುವೆಂದರೆ ಕೆಲವರಿಗಾದರೂ ಆಶ್ಚರ್ಯವಾದೀತು. ಇಂದು ನಾವು ಹೇಳಬೇಕೆಂದಿರುವುದು ಆ ವಿಚಾರವನ್ನೇ.

ಕೆಲವು ಬೇಸಗೆಗಳ ಹಿಂದೆ ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮಗೆ ಪರಿಚಿತರಾದ ತೋಟಿಗರೊಬ್ಬರು ಮನೆಯ ಹಿಂದೆ ಬಾವಿ ತೋಡಿಸುತ್ತಿದ್ದರು. ನಾವು ಆ ಊರಿಗೆ ಹೋದದ್ದು ಬೇರೆ ಕಾರ್ಯಕ್ಕೆ. ಆದರೆ ತೋಡುವ ಬಾವಿಯ ದಂಡೆಯಲ್ಲಿ ಒಮ್ಮೆ ಕುಳಿತವರು ಅಲ್ಲಿಂದ ಬೇಗ ಏಳುವುದು ಕಷ್ಟ. ಮೊದಲ ಎರಡಡಿ ಬೇರು ಹಬ್ಬಿದ ಕಂದುಮಣ್ಣು. ಅದರ ಕೆಳಗೆ ಹದಿನೈದು ಅಡಿಗಳಷ್ಟು ಚಿರೇಕಲ್ಲು, ಎಂದರೆ ಗ್ರಂಥಗಳಲ್ಲಿ ಜಂಬಿಟ್ಟಿಗೆಯೆಂದು ಕರೆಯುವ ತೂತುತೂತಾದ ಕೆಂಪುಕಲ್ಲು. ಆಮೇಲೆ ಕಲ್ಲು ಮೆತ್ತಗಾಗುತ್ತ, ಕೆಂಪಿನ ನಡುವೆ ಹಳದಿ, ನೇರಳೆ, ಬಿಳಿಯ ಮಚ್ಚೆಗಳು ಕಾಣತೊಡಗಿದುವು. ಸುಮಾರು 28 ಅಡಿಗಳಿಗೆ ಕೆಳಗಿನಿಂದ ಕೂಗು ಬಂತು: “ಹೆಗಡೇರೆ, ಶೇಡಿ ಬಂತು ನೋಡಿ!”

ಬುಟ್ಟಿಯಲ್ಲಿ ಮೇಲೆ ಬಂದ ಹೆಂಟೆಯನ್ನು ನಾವು ಕೈಗೆ ತೆಗೆದುಕೊಂಡು ನೋಡಿದೆವು. ಉಗುರಿನಿಂದ ಗೀರಿದರೆ ಗೀರು ಬೀಳುತ್ತಿತ್ತು. ಬೆರಳಿನಲ್ಲಿ ಒತ್ತಿದರೆ ಹಿಟ್ಟಾಗುತ್ತಿತ್ತು. ಆದರೆ ಅದರ ಮೈಮೇಲೆ ಓರೆಯಾಗಿ ಸಾಲುಸಾಲಾದ ಸಣ್ಣ ಪಟ್ಟೆಗಳು. ಅವನ್ನು ಅಡ್ಡಹಾಯ್ದು ಬೆರಳುದಪ್ಪದ ಬೆಣಚುಕಲ್ಲಿನ ಒಂದು ಎಳೆ. ಮನೆಯ ಯಜಮಾನರು, “ಯಾವ ಕಾಲದಲ್ಲೊ ಇಲ್ಲಿ ಹೊಳೆ ಹರಿದಿರಬೇಕು, ಅದು ತಂದು ಹಾಕಿದ ಮಣ್ಣು ಇದು, ಅಲ್ಲವೆ?” ಎಂದು ಕೇಳಿದರು. ಈ ಪ್ರಶ್ನೆಯನ್ನು ನಾವು ಅನೇಕರ ಬಾಯಿಂದ ಕೇಳಿದ್ದೇವೆ. ಪ್ರಶ್ನೆ ಸಹಜವಾದುದೇ. ನುಣುಪಾದ ಮಣ್ಣನ್ನು ನಾವು ಕೆರೆಯ ತಳದಲ್ಲಿಯೂ ಹೊಳೆಯ ಬಯಲಿನಲ್ಲಿಯೂ ಕಂಡವರಲ್ಲವೆ? ಆದರೆ ಹೊಳೆ ತಂದು ಹಾಕಿದ ಮಣ್ಣಿನಲ್ಲಿ ಬೆಣಚುಕಲ್ಲಿನ ಎಳೆ ಮುರಿಯದೆ ಅಡ್ಡಹಾಯ್ದು ನಿಂತಿರಲಾರದು. ಆ ಪಟ್ಟೆಗಳು ಕಲ್ಲಿನ ಪಟ್ಟೆಗಳು. ಆ ಎಳೆ ಕಲ್ಲಿನೊಳಗೆ ಇದ್ದ ಎಳೆ. ನಮ್ಮ ಕೈಯಲ್ಲಿದ್ದುದು ಎಲ್ಲಿಂದಲೋ ಬಂದ ಮಣ್ಣಲ್ಲ. ಅದು ಹುಟ್ಟಿದಲ್ಲಿಯೇ ನಿಂತು, ತನ್ನ ರೂಪವನ್ನು ಬಿಡದೆ, ಸತ್ತ ಕಲ್ಲು.

ಈ ಮೂರು ತಾಲ್ಲೂಕುಗಳ ನೆಲದಡಿಯಲ್ಲಿ ಬಹುಭಾಗ ಇರುವುದು ಧಾರವಾಡ ವರ್ಗದ ಪದರಗಲ್ಲುಗಳು. ರಾಬರ್ಟ್ ಬ್ರೂಸ್ ಫುಟ್ ಎಂಬ ಭೂವಿಜ್ಞಾನಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅವುಗಳಿಗೆ ಆ ಹೆಸರನ್ನು ಕೊಟ್ಟನು. ಅಲ್ಲಲ್ಲಿ ಪಟ್ಟೆಪಟ್ಟೆಯಾದ ನೈಸ್ ಶಿಲೆಯೂ ಗ್ರಾನೈಟೂ ಉಂಟು. ನೈಸ್, ಗ್ರಾನೈಟುಗಳನ್ನು ಒಡೆದು ನೋಡಿದರೆ ಮುಖ್ಯವಾಗಿ ಮೂರು ಬಗೆಯ ಹರಳುಗಳು ಕಾಣುತ್ತವೆ: ಗಾಜಿನಂತೆ ಹೊಳೆಯುವ ಬೆಣಚು, ತೆಳುಹಾಳೆಗಳಾಗಿ ಬಿಚ್ಚುವ ಅಭ್ರಕ, ಅಂದರೆ ನಮ್ಮ ಮಕ್ಕಳ ಕಾಗೆಬಂಗಾರ, ಮತ್ತು ಬಿಳಿ, ಬೂದು, ನಸುಗೆಂಪು ಬಣ್ಣಗಳ ಫೆಲ್ಡ್‌ಸ್ಪಾರ್. ಶೇಡಿಯ ತಾಯಿ ಈ ಫೆಲ್ಡ್‌ಸ್ಪಾರ್. ಪೊಟ್ಯಾಷ್ ಅಥವಾ ಸೋಡ ಅಥವಾ ಸುಣ್ಣ, ಅಲ್ಯುಮಿನ, ಸಿಲಿಕ, ಇಷ್ಟು ಸೇರಿ ಆದ ಹರಳು ಇದು. ಚಾಕುವಿನಿಂದ ಗೀರಿದರೆ ಇದರ ಮೇಲೆ ಗೆರೆ ಮೂಡುವುದಿಲ್ಲ.

ಇಷ್ಟು ಗಟ್ಟಿಯಾದುದನ್ನು ಹಿಟ್ಟುಮಾಡುವ ಶಕ್ತಿ ಯಾವುದು? ಮಳೆಯ ನೀರು. ಬರಿಯ ನೀರಲ್ಲ, ತುಸು ಹುಳಿಯಾದ ನೀರು. ಆಕಾಶದಿಂದ ಇಳಿಯುವಾಗ ಮಳೆಯ ಹನಿ ಗಾಳಿಯಲ್ಲಿರುವ ಇಂಗಾಲಾಮ್ಲವಾಯುವನ್ನು ಹೀರಿಕೊಳ್ಳುತ್ತದೆ. ಗಾಳಿಯಲ್ಲಿ ಆ ವಾಯು ಇರುವುದು ಹತ್ತು ಸಾವಿರ ಪಾಲಿಗೆ ನಾಲ್ಕು ಪಾಲಿನಷ್ಟು. ಆದರೆ ಕಾಡಿನ ನೆಲದೊಳಗಿನ ಗಾಳಿಯಲ್ಲಿ, ಬೇರುಗಳು ಉಸಿರಾಡುವುದರಿಂದಲೂ ತರಗೆಲೆ ಕೊಳೆಯುವುದರಿಂದಲೂ, ಅದು ಹತ್ತರಷ್ಟು, ಕೆಲವೆಡೆ ನೂರರಷ್ಟು ಹೆಚ್ಚಿರುತ್ತದೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 100 ಅಂಗುಲ ಮಳೆ. ಘಟ್ಟದ ಅಂಚಿಗೆ ಹೋದಂತೆ ಇನ್ನೂ ಹೆಚ್ಚು. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಈ ನೀರು ಕಲ್ಲಿನ ಬಿರುಕಿನಲ್ಲಿ ಇಳಿದು ಫೆಲ್ಡ್‌ಸ್ಪಾರಿನ ಹರಳಿಗೆ ತಗಲಿದಾಗ, ಹುಳಿಯ ಅಂಶವು ಹರಳಿನೊಳಗಿನ ಪೊಟ್ಯಾಷನ್ನೋ ಸೋಡವನ್ನೋ ಕಿತ್ತು ತಾನು ಆ ಎಡೆಯನ್ನು ಸೇರುತ್ತದೆ. ಆಧಾರ ತಪ್ಪಿದ ಹರಳು ಕುಸಿದು, ಉಳಿದ ಸಾಮಗ್ರಿಯಿಂದ ಹೊಸದೊಂದು ಖನಿಜ ಕಟ್ಟಿಕೊಳ್ಳುತ್ತದೆ. ಅದೇ ಕೆಯೊಲಿನೈಟ್; ಶೇಡಿಯಲ್ಲಿರುವ ಮುಖ್ಯ ಪದಾರ್ಥ.

ಇದನ್ನು ಲೆಕ್ಕಹಾಕಿ ನೋಡುವುದು ಸ್ವಾರಸ್ಯವಾಗಿದೆ. ಪೊಟ್ಯಾಷ್ ಫೆಲ್ಡ್‌ಸ್ಪಾರ್ 100 ತೊಲ ಇದೆಯೆನ್ನಿ. ಅದರಲ್ಲಿ ಸಿಲಿಕ ಸುಮಾರು 65 ತೊಲ, ಅಲ್ಯುಮಿನ 18 ತೊಲ, ಪೊಟ್ಯಾಷ್ 17 ತೊಲ. ಅಲ್ಯುಮಿನ ನೀರಿನಲ್ಲಿ ಕರಗಲು ಒಪ್ಪುವುದಿಲ್ಲ. ಅದು ಪೂರ್ತಿಯಾಗಿ ಉಳಿಯುತ್ತದೆಯೆಂದು ಇಟ್ಟುಕೊಳ್ಳೋಣ. ಶುದ್ಧವಾದ ಕೆಯೊಲಿನೈಟಿನಲ್ಲಿ ನೂರಕ್ಕೆ 39½ ಪಾಲು ಅಲ್ಯುಮಿನ, 46½ ಪಾಲು ಸಿಲಿಕ, 14 ಪಾಲು ನೀರು ಇರುವುದರಿಂದ, ನಮ್ಮ 100 ತೊಲ ಕಲ್ಲಿನಿಂದ ಸಿಕ್ಕುವ ಶೇಡಿ ಸುಮಾರು 46 ತೊಲ ಮಾತ್ರ. ಪೊಟ್ಯಾಷ್ ಎಲ್ಲವೂ ಹೋಯಿತು. ಸಿಲಿಕದಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು. ಆದರೆ ಕಲ್ಲು ಮೊದಲು ಎಷ್ಟು ಜಾಗ ಹಿಡಿದಿತ್ತೋ ಶೇಡಿಯೂ ಅಷ್ಟೇ ಜಾಗದಲ್ಲಿ ನಿಂತಿದೆ; ಪಟ್ಟೆಗಳು ಕದಲಿಲ್ಲ. ಹಾಗಾದರೆ ಹೋದುದರ ಜಾಗದಲ್ಲಿ ಏನಿದೆ? ಕಣ್ಣಿಗೆ ಕಾಣದ ಸಣ್ಣ ತೂತುಗಳು. ಮಳೆಗಾಲದಲ್ಲಿ ಅವುಗಳ ತುಂಬ ನೀರು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನ ಬೀಳುತ್ತದೆ.

ಬಿಳಿಯ ಕಾರಣ ತಿಳಿಯಿತು. ಮೇಲಿರುವ ಕೆಂಪು ಎಲ್ಲಿಂದ ಬಂತು? ಕರಿಯ ಅಭ್ರಕದಲ್ಲಿಯೂ ಇತರ ಕಪ್ಪು ಹರಳುಗಳಲ್ಲಿಯೂ ಕಬ್ಬಿಣ ಇರುತ್ತದೆ. ಕಲ್ಲು ಕೊಳೆತಾಗ ಅದೂ ಬಿಡುಗಡೆಯಾಗುತ್ತದೆ. ನೆಲದ ಮೇಲುಭಾಗದಲ್ಲಿ ಬೇಸಗೆಯಲ್ಲಿ ನೀರು ಇಳಿದುಹೋಗಿ ಗಾಳಿ ಒಳಹೊಗುವುದರಿಂದ, ಕಬ್ಬಿಣವು ಆಮ್ಲಜನಕವನ್ನು ಕೂಡಿ ತುಕ್ಕಾಗಿ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಕೆಮ್ಮಣ್ಣಿನ ಬಣ್ಣವೂ ಚಿರೇಕಲ್ಲಿನ ಗಟ್ಟಿತನವೂ ಈ ತುಕ್ಕಿನವು. ಕೆಳಗೆ, ವರ್ಷದ ಬಹುಕಾಲ ನೀರು ತುಂಬಿ ಗಾಳಿ ಆಡದಿರುವ ಎಡೆಯಲ್ಲಿ, ಕಬ್ಬಿಣ ತುಕ್ಕಾಗಲಾರದು. ಕರಗಿದ ರೂಪದಲ್ಲಿ ನೀರಿನೊಡನೆ ಸರಿದುಹೋಗುತ್ತದೆ. ಹಿಂದೆ ಉಳಿಯುವುದು ಬಣ್ಣ ಕಳೆದುಕೊಂಡ ಬಿಳಿಯ ಜೇಡಿ. ನಡುವಣ ಮಚ್ಚೆಮಚ್ಚೆಯ ಪದರವು ನೀರು ಏರಿಳಿಯುವ ಮೇರೆ; ಅಲ್ಲಿ ಒಂದು ಋತುವಿನಲ್ಲಿ ಕರಗಿದ ಕಬ್ಬಿಣ ಇನ್ನೊಂದು ಋತುವಿನಲ್ಲಿ ತುಕ್ಕಾಗುತ್ತದೆ. ಹೀಗೆ ಗೋಡೆಯ ಕೆಂಪನ್ನೂ ಬಿಳುಪನ್ನೂ ಮಳೆಯೇ ಬೇರೆಬೇರೆ ಮಾಡಿ ಮೇಲೆ ಕೆಳಗೆ ಇಟ್ಟಿದೆ. ಎಲ್ಲ ಶೇಡಿಯೂ ಹಾಲುಬಿಳುಪಲ್ಲವೆಂಬುದನ್ನೂ ಹೇಳಬೇಕು. ಕಬ್ಬಿಣ ಹೆಚ್ಚಾಗಿರುವ ಪದರಗಲ್ಲಿನಿಂದ ಆದುದು ಹಳದಿಯಾಗಿಯೋ ನೇರಳೆಯಾಗಿಯೋ ಇರುತ್ತದೆ. ಫೆಲ್ಡ್‌ಸ್ಪಾರ್ ತುಂಬಿದ ಕಲ್ಲಿನಿಂದ ಆದುದೇ ಒಳ್ಳೆಯ ಬಿಳುಪು.

ಕೆಂಪುಕಲ್ಲಿಗೆ ವಿಜ್ಞಾನದಲ್ಲಿ ‘ಲ್ಯಾಟರೈಟ್’ ಎಂಬ ಹೆಸರು ಬಂದದ್ದು ನಮ್ಮ ಪಶ್ಚಿಮ ತೀರದಿಂದಲೇ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಜನರು ಈ ಕಲ್ಲನ್ನು ಕಡಿದು ಇಟ್ಟಿಗೆಯಂತೆ ಬಳಸುವುದನ್ನು ಕಂಡನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಆ ಹೆಸರನ್ನು ಮಾಡಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದನು. ಅದೇ ಪ್ರವಾಸದಲ್ಲಿ, 1801ರಲ್ಲಿ, ಅವನು ಸೋದೆ, ಶಿರಸಿಗಳ ಮಾರ್ಗವಾಗಿ ಬನವಾಸಿಗೆ ಹೋದನು. ‘ಜಂಬಿಟ್ಟಿಗೆ’ಯೆಂಬ ನಮ್ಮ ಮಾತಿನಲ್ಲಿಯೂ ಇಟ್ಟಿಗೆ ಇದೆಯೆಂಬುದನ್ನು ಗಮನಿಸಿದರೆ ಸಂತೋಷವಾಗುತ್ತದೆ.

ಶೇಡಿಯ ಜಾತಿಯ ಮಣ್ಣಿಗೆ ಚೀನದಲ್ಲಿ ದೊಡ್ಡ ಮರ್ಯಾದೆ. ಅಲ್ಲಿಯ ಪಿಂಗಾಣಿಯ ಊರಾದ ಜಿಂಗ್‌ದೆಜೆನ್ನಿನ ಬಳಿ ‘ಗಾವ್‌ಲಿಂಗ್’, ಎಂದರೆ ಎತ್ತರದ ದಿಬ್ಬ, ಎಂಬ ಸ್ಥಳವಿದೆ. ‘ಕೆಯೊಲಿನ್’ ಎಂಬ ಹೆಸರು ಅದರದೇ ಅಪಭ್ರಂಶ. 1712ರಲ್ಲಿ ದಾಂತ್ರಕೋಲ್ ಎಂಬ ಫ್ರೆಂಚ್ ಪಾದ್ರಿ ಅಲ್ಲಿಂದ ಬರೆದ ಪತ್ರದ ಮೂಲಕ ಪಿಂಗಾಣಿ ಮಾಡುವ ಕ್ರಮ ಯೂರೋಪಿಗೆ ತಿಳಿಯಿತು. ನಮ್ಮ ಕಡೆ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ವರ್ಷಗಟ್ಟಲೆ ಕೆಡದಂತೆ ಕಾಯುವ ಭರಣಿಯೂ ಜೇಡಿಯನ್ನು ಸುಟ್ಟೇ ಮಾಡಿದ್ದು. ಕಾಗದಕ್ಕೆ ನುಣುಪು ಕೊಡುವುದಕ್ಕೂ ಈ ಬಿಳಿಯ ಮಣ್ಣು ಬೇಕು.

ಶೇಡಿಯನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಒಂದು ಹಿಡಿ ಶೇಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಚೆನ್ನಾಗಿ ಕದಡಿ ಇಡಿ. ಬೆಣಚಿನ ಮರಳು ಕ್ಷಣದಲ್ಲಿ ತಳ ಸೇರುತ್ತದೆ; ಅಭ್ರಕದ ಚೂರುಗಳು ತೇಲುತ್ತ ಹೊಳೆಯುತ್ತ ನಿಧಾನವಾಗಿ ಇಳಿಯುತ್ತವೆ; ಬಿಳಿಯ ಕದಡು ಮಾತ್ರ ಮರುದಿನ ಬೆಳಗಿನವರೆಗೂ ತಿಳಿಯಾಗುವುದಿಲ್ಲ. ಕೆಯೊಲಿನೈಟಿನ ಕಣಗಳು ಅಷ್ಟು ಸಣ್ಣವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಆರು ಮೂಲೆಯ ತೆಳು ಬಿಲ್ಲೆಗಳಾಗಿ ಕಾಣುತ್ತವೆ. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುವುದೂ ಉಂಟು. ಮನೆಯ ಹೆಂಗಸರು ಶೇಡಿಯನ್ನು ನೆನೆಯಿಟ್ಟು, ಮೇಲಿನ ಬಿಳಿನೀರನ್ನು ಬಟ್ಟೆಯಲ್ಲಿ ಸೋಸಿ, ತಳದ ಮರಳನ್ನು ಚೆಲ್ಲುವುದು ಕಾರ್ಖಾನೆಗಳಲ್ಲಿ ಪಿಂಗಾಣಿಮಣ್ಣನ್ನು ತೊಳೆಯುವ ಕ್ರಮವೇ.

ಯಲ್ಲಾಪುರದಿಂದ ಹುಬ್ಬಳ್ಳಿಯ ಕಡೆಗೆ ಪ್ರಯಾಣ ಮಾಡುವವರು ಸುಮಾರು 45 ಮೈಲಿಗಳ ಆ ದಾರಿಯಲ್ಲಿ ಕಿಟಕಿಯಾಚೆ ಕಣ್ಣಿಟ್ಟಿರಬೇಕು. ಕೆಂಪು ನೆಲ ಹಿಂದೆ ಸರಿದು ಎರೆಯ ಕಪ್ಪು ನೆಲ ಕಾಣಿಸಿಕೊಳ್ಳುತ್ತದೆ. ಅಲ್ಲಿ ಮಳೆ ವರ್ಷಕ್ಕೆ 30 ಅಂಗುಲದ ಆಸುಪಾಸು. ಕೊಳೆತ ಕಲ್ಲಿನ ಸುಣ್ಣ, ಮೆಗ್ನೀಷಿಯಗಳನ್ನು ಪೂರ್ತಿಯಾಗಿ ತೊಳೆದುಹಾಕುವಷ್ಟು ನೀರು ಅಲ್ಲಿಲ್ಲ. ಆದಕಾರಣ ಅಲ್ಲಿ ಹುಟ್ಟುವ ಜೇಡಿ ಬೇರೆ ಜಾತಿಯದು. ನೀರನ್ನು ಪದರಗಳ ನಡುವೆ ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕೈ ಹೊಗುವಷ್ಟು ಬಿರಿಯುತ್ತದೆ, ಬೆಳೆಗೆ ಬೇಕಾದ ಸಾರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಶೇಡಿಯ ಪದರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿರುವುದರಿಂದ ಅದು ಹಾಗೆ ಉಬ್ಬುವುದೂ ಇಲ್ಲ, ಸಾರವನ್ನು ಹಿಡಿಯುವುದೂ ಇಲ್ಲ.

ಮಲೆನಾಡು ಹಸುರಾಗಿ ಕಾಣುವುದರಿಂದ ಅದರ ಮಣ್ಣು ಬಹು ಫಲವತ್ತೆಂದು ಹೊರಗಿನವರು ಭಾವಿಸುತ್ತಾರೆ. ತೋಟಿಗರು ಹಾಗೆ ಭಾವಿಸಿದವರಲ್ಲ. ಸಾರವೆಲ್ಲ ಮಳೆಯ ಪಾಲಾಗಿ, ಉಳಿದಿರುವ ಅಲ್ಪಸ್ವಲ್ಪ ಮರಗಳ ಮೈಯಲ್ಲಿಯೂ ಮೇಲಿನ ತರಗೆಲೆಯಲ್ಲಿಯೂ ಸುತ್ತುತ್ತಿದೆಯೆಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಬೆಟ್ಟದ ಸೊಪ್ಪನ್ನು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ಅಡಿಕೆಯ ಬುಡಕ್ಕೆ ಕೊಡುವ ಪದ್ಧತಿ ಹೀಗೆ ಹುಟ್ಟಿತು. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಏರ್ಪಾಡು ಈ ತಾಲ್ಲೂಕುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ಬಂದದ್ದು. ಒಂದಕ್ಕೆ ಒಂಬತ್ತೆಂಬ ಲೆಕ್ಕವನ್ನು ಕೇಳಿ ನಗುವವರು ಅಡಿಯಲ್ಲಿರುವ ಶೇಡಿಯನ್ನು ನೋಡಬೇಕು.

ಇನ್ನು ನೀರಿನ ವಿಷಯ. ಚಿರೇಕಲ್ಲು ಜರಡಿಯಂತೆ, ಸುರಿದ ಮಳೆಯನ್ನೆಲ್ಲ ಕೆಳಕ್ಕೆ ಬಿಡುತ್ತದೆ. ಶೇಡಿಯ ತೂತುಗಳು ಅತಿ ಸಣ್ಣವಾದುದರಿಂದ ನೀರು ಅದರೊಳಗೆ ಇಳಿಯಲು ಬಹಳ ಹೊತ್ತು ಬೇಕು. ಆದಕಾರಣ ಇವೆರಡರ ನಡುವೆ ನೀರು ನಿಂತು, ಓರೆಯಾಗಿ ಸರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಕಣಿವೆಯ ಅಡಿಕೆತೋಟಗಳಿಗೆ ಬೇಸಗೆಯಲ್ಲಿಯೂ ತಂಪು ಒದಗಿಸುವ ಅಬ್ಬಿಗಳೂ ಒರತೆಗಳೂ ಅನೇಕ ಕಡೆ ಹೀಗೆ ಉಂಟಾದುವು. ಶೇಡಿ ಇಲ್ಲದಿದ್ದರೆ ನೂರು ಅಂಗುಲದ ಮಳೆಯೂ ಎಷ್ಟೋ ಕಡೆ ಕೈಗೆ ಸಿಕ್ಕದೆ ಆಳಕ್ಕೆ ಇಳಿದುಹೋಗುತ್ತಿತ್ತು.

ಇದೇ ಶೇಡಿ ಗುಡ್ಡವನ್ನು ಜಾರಿಸುವುದೂ ಉಂಟು. ಒಣಗಿದ ಶೇಡಿಯ ಧರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಬೇಸಗೆಯಲ್ಲಿ ಮನೆಗೋ ರಸ್ತೆಗೋ ಗುಡ್ಡದ ಬುಡವನ್ನು ಕಡಿದವರು ಅದನ್ನು ಕಂಡು ಧೈರ್ಯಪಡುತ್ತಾರೆ. ಆದರೆ ನಾವು ಮೊದಲು ಹೇಳಿದ ತೂತುಗಳನ್ನು ನೆನೆಯಿರಿ. ಜುಲೈ ತಿಂಗಳಲ್ಲಿ ಅವೆಲ್ಲ ತುಂಬಿ, ಮೇಲಿನ ಚಿರೇಕಲ್ಲಿನ ಪದರದಲ್ಲಿ ನಿಂತ ನೀರು ಒತ್ತತೊಡಗಿದಾಗ, ಕಣಕಣಗಳ ಹಿಡಿತ ಸಡಲಿ, ಕಲ್ಲಿನ ರೂಪದಲ್ಲಿದ್ದುದು ಅಂಬಲಿಯಂತಾಗುತ್ತದೆ. ಮೇಲಿನ ಗಟ್ಟಿಪದರವು ಮರ, ಮನೆ, ತೋಟಗಳ ಸಮೇತ ಅದರ ಮೇಲೆ ಜಾರುತ್ತದೆ. 2021ರ ಜುಲೈ ತಿಂಗಳ ಮಹಾಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆಗಳೂ ಅಡಿಕೆತೋಟಗಳೂ ರಸ್ತೆಗಳೂ ಹಾಳಾದುವು. ಅದೇ ಮಳೆಯಲ್ಲಿ ಅರಬೈಲ್ ಘಟ್ಟದ ಹೆದ್ದಾರಿಯೂ ಕುಸಿಯಿತು. ಪ್ರತಿಯೊಂದು ಕುಸಿತಕ್ಕೂ ಶೇಡಿಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಮಳೆಯ ಪ್ರಮಾಣ, ಇಳಿಜಾರು, ಕಡಿದ ಕಾಡು, ಕಡಿದ ಧರೆ, ಎಲ್ಲವೂ ಕೂಡಿಯೇ ಕೆಲಸ ಮಾಡುತ್ತವೆ. ಆದರೆ ಕೆಂಪಿನಡಿಯಲ್ಲಿ ಬಿಳಿಯಿರುವ ಗುಡ್ಡದ ಪಾದವನ್ನು ಕಡಿಯುವವನು ಏನನ್ನು ಕಡಿಯುತ್ತಿದ್ದೇನೆಂಬುದನ್ನು ತಿಳಿದು ಕಡಿಯಬೇಕು.

ಗುಡ್ಡ ಜಾರುವ ಮುನ್ನ ಕೆಲವು ಗುರುತುಗಳನ್ನು ತೋರಿಸುವುದುಂಟು. ಗುಡ್ಡದ ನೆತ್ತಿಯಲ್ಲಿ ವಕ್ರವಾಗಿ ಬಿರುಕು ಬಿಡುವುದು. ನೆಟ್ಟಗಿದ್ದ ಮರಗಳು ಓರೆಯಾಗುವುದು. ಇಲ್ಲದ ಕಡೆ ಹೊಸ ಒರತೆ ಒಡೆಯುವುದು. ತಿಳಿಯಾಗಿ ಬರುತ್ತಿದ್ದ ಒರತೆಯ ನೀರು ಇದ್ದಕ್ಕಿದ್ದಂತೆ ಬಿಳಿಯ ಕದಡಾಗುವುದು. ಈ ಕೊನೆಯದನ್ನು ಲಘುವಾಗಿ ಎಣಿಸಬಾರದು. ನೀರಿನೊಡನೆ ಬರುತ್ತಿರುವ ಆ ಬಿಳುಪು ಗುಡ್ಡದ ಒಡಲಿನ ಶೇಡಿ. ಒಳಗೆ ಪೊಟರೆ ಬೀಳುತ್ತಿದೆಯೆಂದು ಅರ್ಥ. ರಾತ್ರಿಯಾದರೂ ಸರಿ, ಮನೆಯವರು ಅಲ್ಲಿಂದ ಎದ್ದು ಬೇರೆಡೆಗೆ ಹೋಗುವುದು ಮೇಲು.

ಈಚೆಗೆ ನೀರಿಂಗಿಸುವ ಉತ್ಸಾಹದಲ್ಲಿ ಕೆಲವರು ಕಡಿದಾದ ಗುಡ್ಡಗಳ ಮೇಲೆ, ಧರೆಯ ನೆತ್ತಿಯಲ್ಲಿಯೇ, ಇಂಗುಗುಂಡಿಗಳನ್ನು ಸಾಲಾಗಿ ತೋಡಿಸುವುದನ್ನು ನಾವು ಕಂಡಿದ್ದೇವೆ. ಉದ್ದೇಶ ಒಳ್ಳೆಯದೇ; ಬಯಲುಸೀಮೆಗೆ ಆ ಉಪಾಯ ತಕ್ಕದ್ದು. ಶೇಡಿಯ ಮೇಲೆ ಕುಳಿತ ಇಳಿಜಾರಿಗೆ ಅದು ತಕ್ಕುದಲ್ಲವೆಂದು ನಮ್ಮ ಅಭಿಪ್ರಾಯ. ಅಲ್ಲಿ ಬೇಕಾದುದು ಮಳೆಗಾಲದ ನೀರನ್ನು ಬೇಗ ಹೊರಗೆ ಸಾಗಿಸುವ ಬಸಿಗಾಲುವೆ, ಮತ್ತು ಧರೆಯನ್ನು ಒಂದೇ ಗೋಡೆಯಾಗಿ ನಿಲ್ಲಿಸದೆ ಮೆಟ್ಟಿಲುಮೆಟ್ಟಿಲಾಗಿ ಇಳಿಸುವುದು. ಗುಂಡಿಗಳನ್ನು ಬೇಕಾದರೆ ಗುಡ್ಡದಿಂದ ದೂರವಾದ ಸಮತಟ್ಟಿನಲ್ಲಿ ತೋಡಿಸಬಹುದು.

ಶೇಡಿಯಾಗಲು ಹಿಡಿಯುವ ಕಾಲದ ಮಾತನ್ನೂ ಆ ತೋಟಿಗರು ನಮ್ಮನ್ನು ಕೇಳಿದ್ದರು. ಒಂದು ಅಡಿ ಕಲ್ಲು ಹೀಗೆ ಕೊಳೆಯಲು ಸಾವಿರಾರು ವರ್ಷಗಳು ಬೇಕು. ಘಟ್ಟದ ಮೇಲಿನ ಹಳೆಯ ಚಿರೇಕಲ್ಲಿನ ಹೊದಿಕೆಯ ವಯಸ್ಸನ್ನು ಕೋಟಿ ವರ್ಷಗಳಲ್ಲಿ ಎಣಿಸಬೇಕು. ಅದಕ್ಕೆ ಅವರು, “ಹಾಗಾದರೆ ಶಾಲ್ಮಲೆಯ ಹೊಳೆಯಲ್ಲಿ ಸಹಸ್ರಲಿಂಗ ಇಂದಿಗೂ ಗಟ್ಟಿಯಾಗಿದೆಯಲ್ಲ? ದಿನವೂ ನೀರಿನಲ್ಲಿಯೇ ಇದೆ,” ಎಂದರು. ಅದು ಒಳ್ಳೆಯ ಆಕ್ಷೇಪಣೆ. ಸೋದೆಯ ಅರಸರ ಕಾಲದವೆಂದು ಹೇಳುವ ಆ ಲಿಂಗಗಳು ಹಾಸುಬಂಡೆಯಲ್ಲಿ ಕೊರೆದವು. ಅವುಗಳಿಗೆ ಆಗಿರುವ ವಯಸ್ಸು ಕಲ್ಲಿನ ಲೆಕ್ಕದಲ್ಲಿ ಒಂದು ದಿನವೂ ಅಲ್ಲ. ಅಲ್ಲದೆ ಹರಿಯುವ ಹೊಳೆ ಮೆತ್ತಗಾದುದನ್ನು ಒಡನೆಯೇ ಉಜ್ಜಿ ಒಯ್ಯುತ್ತದೆ, ಉಳಿಯುವುದು ಗಟ್ಟಿಮೈ ಮಾತ್ರ. ಕಲ್ಲು ಶೇಡಿಯಾಗಬೇಕಾದರೆ ನೀರು ಅದರ ಒಳಹೊಕ್ಕು ನಿಧಾನವಾಗಿ ಇಳಿಯಬೇಕು. ಮೇಲೆ ಕಾಡಿನ ಹೊದಿಕೆ ಇರಬೇಕು. ಯಾರೂ ಅದನ್ನು ಕದಲಿಸಬಾರದು.

ಬಾವಿಯ ಕಥೆಯನ್ನು ಅರ್ಧಕ್ಕೆ ಬಿಟ್ಟೆವು. ತೋಡುವವನು 28 ಅಡಿಗಳಿಗೆ ನಿಲ್ಲಿಸಿಬಿಟ್ಟನು. “ಇನ್ನೂ ಕೆಳಗೆ ಹೋದ್ರೆ ಬದಿ ಬೀಳ್ತದೆ ಹೆಗಡೇರೆ. ನೀರು ಇದರ ನೆತ್ತಿ ಮೇಲೇ ಇದೆ,” ಎಂದು ಹೇಳಿ, ಚಿರೇಕಲ್ಲು ಮುಗಿದು ಬಿಳುಪು ತೊಡಗುವ ಗೆರೆಯನ್ನು ಗುದ್ದಲಿಯ ತುದಿಯಿಂದ ತೋರಿಸಿದನು. ಅಲ್ಲಿ ಗೋಡೆ ಬೆವರುತ್ತಿತ್ತು. ಮರುದಿನ ಬೆಳಿಗ್ಗೆ ಹೋಗಿ ನೋಡಿದಾಗ ತಳದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು, ಹಾಲಿನಂತೆ ಬೆಳ್ಳಗೆ. ಸುತ್ತ ಕಲ್ಲು ಕಟ್ಟಿಸಿದ ಮೇಲೆ ವಾರದೊಳಗೆ ಅದು ತಿಳಿಯಾಯಿತಂತೆ. ಮೇಲೆ ಎತ್ತಿಹಾಕಿದ ಶೇಡಿಯನ್ನು ಅಕ್ಕಪಕ್ಕದ ಮನೆಗಳವರು ಬುಟ್ಟಿಗಳಲ್ಲಿ ಒಯ್ಯುತ್ತಿದ್ದರು. ನಾವೂ ಬೆಣಚಿನ ಎಳೆಯಿದ್ದ ಆ ಒಂದು ಹೆಂಟೆಯನ್ನು ಕಾಗದದಲ್ಲಿ ಸುತ್ತಿ ತಂದೆವು.